ಪ್ರಕೃತಿಯ ಜೊತೆ ಹೊಂದಿ ಬಾಳಬಹುದೇ? ಖರ್ಚು ಹಂಚಿಕೊಂಡರೆ ಬಾಳಬಹುದು

ಪ್ರಶ್ನೆ: ನಮ್ಮೂರು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿದೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಆನೆ ಕಾಟಕ್ಕೆ ಅಪ್ಪ ಭತ್ತ ಹಾಕುವುದನ್ನೇ ಬಿಟ್ಟಿದ್ದಾರೆ, ಗದ್ದೆ ಬೀಳು ಬಿದ್ದಿದೆ. ಇಲ್ಲಿ ಪರಿಸರ ದಿನ ಬಂದರೆ ಎಲ್ಲರೂ ಪ್ರಕೃತಿಯ ಜೊತೆ ಸಾಮರಸ್ಯ ಅಂತ ಭಾಷಣ ಮಾಡುತ್ತಾರೆ. ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಾಗಂತ ಆನೆಗಳು ಸಾಯಲಿ ಅಂತಲೂ ಅನ್ನಿಸುವುದಿಲ್ಲ. ನಿಜ ಹೇಳಿ, ಮನುಷ್ಯರು ಪ್ರಕೃತಿಯ ಜೊತೆ ಹೊಂದಿಕೊಂಡು ಬಾಳುವುದನ್ನು ಕಲಿಯಬಹುದಾ? ಇಲ್ಲ, ಇದೆಲ್ಲ ಸುಮ್ನೆ ಮಾತಾ?

ಉತ್ತರ:

ನಿಮ್ಮ ಸಿಟ್ಟು ಸರಿಯಾಗಿಯೇ ಇದೆ, ಮೊದಲು ಅದನ್ನು ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ಮಾತಾಡುವವರು ಒಂದು ಕಡೆ ಇರುತ್ತಾರೆ, ಕಳೆದುಕೊಳ್ಳುವವರು ಇನ್ನೊಂದು ಕಡೆ. ಕಳೆದುಕೊಂಡವರ ಕೈಗೆ ಮೈಕು ಸಿಗುವುದು ತುಂಬಾ ಕಡಿಮೆ.

ಕಲಿಯಬಹುದಾ ಅಂದರೆ, ಹೌದು, ಕಲಿಯಬಹುದು. ಕಲಿತ ಜಾಗಗಳಿವೆ, ಅದನ್ನು ನೋಡಿಯೇ ಹೇಳುತ್ತಿದ್ದೇನೆ. ಕಾಡುಪ್ರಾಣಿ ಮತ್ತು ರೈತರ ನಡುವಿನ ತಿಕ್ಕಾಟವೇ ನನ್ನ ಕೆಲಸದ ವಿಷಯ. ಈ ಕೆಲಸದಲ್ಲಿ ನನಗೆ ಗಟ್ಟಿಯಾದ ಮಾತು ಒಂದೇ. ಹೊಂದಿ ಬಾಳುವುದಕ್ಕೆ ಖರ್ಚಿದೆ, ಆ ಖರ್ಚು ಯಾರ ಜೇಬಿನಿಂದ ಹೋಗುತ್ತದೆ ಅನ್ನುವುದರ ಮೇಲೆ ಅದು ಉಳಿಯುತ್ತದೋ ಮುರಿಯುತ್ತದೋ ತೀರ್ಮಾನವಾಗುತ್ತದೆ. ಪ್ರೀತಿ ಬೇಕು, ಭಕ್ತಿ ಇದ್ದರೆ ಒಳ್ಳೆಯದು, ತಿಳಿವಳಿಕೆ ಇನ್ನೂ ಒಳ್ಳೆಯದು. ಆದರೆ ಪ್ರತಿ ವರ್ಷ ಅದೇ ನಾಲ್ಕು ಮನೆಯವರು ನಷ್ಟ ಹೊರುತ್ತಾ ಬಂದರೆ ಯಾವ ಪ್ರೀತಿಯೂ ಜಾಸ್ತಿ ದಿನ ಬಾಳುವುದಿಲ್ಲ. ನಿಮ್ಮ ಅಪ್ಪ ಗದ್ದೆ ಬಿಟ್ಟಿದ್ದು ಆನೆ ಮೇಲಿನ ದ್ವೇಷದಿಂದಲ್ಲ ಅಂತ ನನಗೆ ಗೊತ್ತು. ಲೆಕ್ಕ ಕೂಡಲಿಲ್ಲ, ಅಷ್ಟೇ.

ಲೆಕ್ಕ ಕೂಡಿದ ಒಂದು ಊರಿನಿಂದ ಶುರು ಮಾಡುತ್ತೇನೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬೆಂಗಳೂರಿನಿಂದ ಮೈಸೂರಿಗೆ ಹಳೇ ರಸ್ತೆಯಲ್ಲಿ ಹೋಗುವಾಗ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿದರೆ ಹತ್ತು ಹನ್ನೆರಡು ಕಿಲೋಮೀಟರ್. ಅಲ್ಲಿ ಹಕ್ಕಿಗಳಿಗೆ ಅಂತ ಬೇರೆ ದ್ವೀಪವಾಗಲಿ ಬೇಲಿಯಾಗಲಿ ಇಲ್ಲ. ಮನೆ, ಕೊಟ್ಟಿಗೆ, ತಿಪ್ಪೆ, ಸಣ್ಣ ಅಂಗಡಿ, ಅವುಗಳ ಮಧ್ಯೆ ದೊಡ್ಡ ದೊಡ್ಡ ಹುಣಸೆ ಮರ, ಅಲ್ಲೊಂದು ಇಲ್ಲೊಂದು ಆಲ, ಅರಳಿ. ಮರದ ತುಂಬಾ ಗೂಡು. ಮಳೆಗಾಲ ಮುಗಿದ ಮೇಲೆ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು ಬರುತ್ತವೆ, ಹೊಸ ವರ್ಷದ ಹೊತ್ತಿಗೆ ಬಣ್ಣದ ಕೊಕ್ಕರೆಗಳು ಬರುತ್ತವೆ, ಮರಿ ಬಲಿತ ಮೇಲೆ ಮೇ, ಜೂನ್ ಹೊತ್ತಿಗೆ ಎಲ್ಲ ಖಾಲಿ. ಹೆಜ್ಜಾರ್ಲೆ ಸಣ್ಣ ಹಕ್ಕಿಯೇನಲ್ಲ, ರೆಕ್ಕೆ ಬಿಚ್ಚಿದರೆ ಏಳೆಂಟು ಅಡಿ ಬರುತ್ತದೆ. ಅಂಥ ಹಕ್ಕಿ ಮನೆಯ ಹೆಂಚಿನ ಮೇಲೆ ನೆರಳು ಹಾಯಿಸಿಕೊಂಡು ಇಳಿಯುತ್ತದೆ, ಕೆಳಗೆ ಅಜ್ಜಿ ರಾಗಿ ಹಸನು ಮಾಡುತ್ತಾ ಕೂತಿರುತ್ತಾರೆ, ತಲೆ ಎತ್ತಿಯೂ ನೋಡುವುದಿಲ್ಲ.

ಫೋಟೊದಲ್ಲಿ ಇದು ಬಹಳ ಚೆಂದ. ಮಾರ್ಚ್ ತಿಂಗಳಲ್ಲಿ ಆ ಮರದ ಕೆಳಗೆ ನಿಂತರೆ ಬೇರೆಯೇ ಗೊತ್ತಾಗುತ್ತದೆ. ಮೇಲಿನಿಂದ ಸುಣ್ಣ ಎರಚಿದ ಹಾಗೆ ಹಿಕ್ಕೆ ಬೀಳುತ್ತಲೇ ಇರುತ್ತದೆ. ಹೆಂಚು ಬಿಳಿ, ಅಂಗಳ ಬಿಳಿ, ಒಣಗಲು ಹಾಕಿದ ಬಟ್ಟೆಯೂ ಬಿಳಿ. ಮರಿಗಳಿಗೆ ತಂದ ಮೀನಿನಲ್ಲಿ ಅರ್ಧ ಕೆಳಗೆ ಬಿದ್ದು ಕೊಳೆಯುತ್ತದೆ. ಬಿಸಿಲೇರಿದ ಹಾಗೆ ನಾತ ಗಂಟಲಿಗೆ ಹಿಡಿಯುತ್ತದೆ. ಇದರ ಜೊತೆಗೆ ಆ ಊರಿನವರು ಪ್ರತಿ ವರ್ಷ ಅರ್ಧ ವರ್ಷ ಬಾಳುತ್ತಾರೆ.

ಇನ್ನು ಹುಣಸೆಹಣ್ಣಿನ ವಿಷಯ. ಹುಣಸೆ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಆಗಬೇಕು. ಕೊಯ್ಲು ಅಂದರೆ ಮರ ಹತ್ತಿ ಕೊಂಬೆ ಜಾಡಿಸುವುದು, ಕೋಲಿನಲ್ಲಿ ಬಡಿಯುವುದು. ಗೂಡಿನಲ್ಲಿ ಮರಿ ಇರುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಮರ ಜಾಡಿಸಿದರೆ ಮೊಟ್ಟೆ, ಮರಿ ಎಲ್ಲ ನೆಲಕ್ಕೆ. ಹಾಗಾಗಿ ಗೂಡು ಕಟ್ಟಿದ ಮರದ ಹಣ್ಣನ್ನು ಮರದ ಯಜಮಾನ ಬಿಟ್ಟುಕೊಡಬೇಕು. ಒಂದು ದೊಡ್ಡ ಹುಣಸೆ ಮರದ ಫಸಲು ಬಡವರ ಮನೆಗೆ ಸಣ್ಣ ದುಡ್ಡಲ್ಲ.

ಹಾಗಿದ್ದರೂ ಯಾಕೆ ಬಿಟ್ಟರು? ಹೆರಿಗೆಗೆ ತವರಿಗೆ ಬರುವ ಮಗಳ ಹಾಗೆ ಈ ಹಕ್ಕಿಗಳು ಅಂತ ಆ ಊರಿನ ಹಿರಿಯರು ಹೇಳುತ್ತಾರೆ. ಹಳೇ ಊರು ಶಿಂಷಾ ನದಿಯ ದಡದಲ್ಲಿತ್ತಂತೆ, 1916ರ ಪ್ಲೇಗಿನಲ್ಲಿ ಜನ ಊರು ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವಂತೆ. ಈ ಮಾತು ಬರೀ ಬಾಯಿಮಾತು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗೆ ಮೀನು ತಿನ್ನಿಸಿ ಸಾಕುವ ಹುಡುಗರ ಮುಖ ನೋಡಿದರೆ ನಿಮಗೂ ಅನ್ನಿಸುವುದಿಲ್ಲ. ಆದರೆ ಪ್ರೀತಿಯ ಜೊತೆಗೆ ಗೊಬ್ಬರವೂ ಇತ್ತು. ಮರದ ಬುಡದ ಸುತ್ತ ಗುಂಡಿ ತೆಗೆದು ಕೆರೆಯ ಹೂಳು ಮಣ್ಣು ತುಂಬಿಸುತ್ತಿದ್ದರು. ಹಿಕ್ಕೆಯೆಲ್ಲ ಅದರ ಮೇಲೆ ಬಿದ್ದು ಸೇರುತ್ತಿತ್ತು. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಚೆನ್ನಾಗಿರುತ್ತವೆ. ಹಕ್ಕಿ ಹೋದ ಮೇಲೆ ಆ ಮಣ್ಣನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಹಣ್ಣು ಹೋಯಿತು, ಗೊಬ್ಬರ ಬಂತು. ಪೂರ್ತಿ ಸಮ ಅಲ್ಲದಿದ್ದರೂ ಮನಸ್ಸು ಮುರಿಯದಷ್ಟು ಸಮ.

ಆಮೇಲೆ ಚೀಲದ ಗೊಬ್ಬರ ಬಂತು. ಹಿಕ್ಕೆ ಮಣ್ಣಿಗೆ ಬೆಲೆ ಇಳಿಯಿತು, ಹುಣಸೆಗೂ ಸೌದೆಗೂ ಬೆಲೆ ಏರಿತು. ಕೆಲವು ಮರ ಬಿದ್ದವು. ಅದೇ ಜನ, ಅದೇ ಹಕ್ಕಿ, ಅದೇ ತವರಿನ ಮಾತು, ಆದರೂ ಮರ ಬಿದ್ದವು. ಈ ಜಾಗ ನನಗೆ ಬಹಳ ಮುಖ್ಯ ಅನ್ನಿಸುವುದು ಇದಕ್ಕೇ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಈ ಊರಿನ ಬಗ್ಗೆ ಬರೆದ ಮೇಲೆ ಹೊರಗಿನವರ ಕಣ್ಣು ಬಿತ್ತು. ಮುಂದೆ ಅರಣ್ಯ ಇಲಾಖೆ ಗೂಡಿರುವ ಮರಗಳ ಮಾಲೀಕರಿಗೆ ವರ್ಷಕ್ಕಿಷ್ಟು ಅಂತ ಹಣ ಕೊಡುವ ಪದ್ಧತಿ ತಂದಿತು. 1990ರ ದಶಕದಲ್ಲಿ ಊರಿನ ಯುವಕರು ಮೈಸೂರಿನ ಹಕ್ಕಿಪ್ರಿಯರ ಜೊತೆ ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆಯಾಯಿತು, ಅಂದರೆ ಜನ ಊರಲ್ಲೇ ಇದ್ದು, ಜಮೀನು ಅವರದ್ದೇ ಆಗಿದ್ದು, ಹಕ್ಕಿಗೂ ಕಾನೂನಿನ ಜಾಗ. ಕೊಡುವ ಹಣ ಸಾಲದು ಅನ್ನುವ ದೂರು ಇದೆ, ನ್ಯಾಯವಾದ ದೂರು. ಆದರೆ ಇಷ್ಟಾದರೂ ಆಯಿತಲ್ಲ, ಒಂದು ಮನೆಯ ಹುಣಸೆಯ ನಷ್ಟದಲ್ಲಿ ಸ್ವಲ್ಪ ಭಾಗವನ್ನು ನಾಡೆಲ್ಲ ಹೊತ್ತುಕೊಂಡಿತು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಲಿಲ್ಲ. 2017ರ ಕೊನೆಯಿಂದ ಕೆಲವು ತಿಂಗಳು ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಸತ್ತ ಹಕ್ಕಿಗಳ ಹೊಟ್ಟೆಯಲ್ಲಿ ದುಂಡುಹುಳು ಸಿಕ್ಕಿತು. ಇಂಥ ಹುಳು ಹಕ್ಕಿಗೆ ಬರುವುದು ಮೀನಿನಿಂದ. ಮೀನು ಬರುವುದು ಸುತ್ತಲಿನ ಕೆರೆ, ಹೊಳೆಗಳಿಂದ. ಆ ನೀರು ಹೇಗಿದೆ ಅನ್ನುವುದು ಬೆಳ್ಳೂರಿನವರ ಕೈಯಲ್ಲಿಲ್ಲ. ಊರು ಮರ ಉಳಿಸಿಕೊಳ್ಳಬಹುದು, ಆದರೆ ಮೇಲಿನಿಂದ ಯಾರೋ ಬಿಟ್ಟ ಕೊಳಕಿಗೆ ಊರು ಏನು ಮಾಡೀತು?

ಹಿಂದಿನವರಿಗೆ ಇದೆಲ್ಲ ತಾನಾಗಿಯೇ ಗೊತ್ತಿತ್ತು, ನಾವು ಕೆಟ್ಟೆವು ಅಂತ ಬಹಳ ಜನ ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ನ್ಯೂಜಿಲೆಂಡಿಗೆ ಮನುಷ್ಯರು ಹೋಗಿದ್ದು ಸುಮಾರು 1300ರ ಹೊತ್ತಿಗೆ. ಅಲ್ಲಿ ಮೋವಾ ಅನ್ನುವ, ಆಳೆತ್ತರಕ್ಕೂ ಮೀರಿದ, ಹಾರಲಾಗದ ಹಕ್ಕಿಗಳಿದ್ದವು. ಸುಮಾರು ನೂರೈವತ್ತು ವರ್ಷದೊಳಗೆ ಒಂದೂ ಉಳಿಯಲಿಲ್ಲ. ಬಂದೂಕು, ಕಾರ್ಖಾನೆ, ಡಾಂಬರು ರಸ್ತೆ ಏನೂ ಇಲ್ಲದ ಕಾಲ ಅದು. ಅದೇ ಮಾವೊರಿ ಜನ ಮುಂದೆ ಇಂಥ ಕಾಲದಲ್ಲಿ ಇಂಥ ಕಡೆ ಮೀನು ಹಿಡಿಯಬಾರದು, ಬೇಟೆ ಆಡಬಾರದು ಅನ್ನುವ ಕಟ್ಟುಪಾಡುಗಳನ್ನು ನಡೆಸಿಕೊಂಡು ಬಂದರು. ಹೊಂದಾಣಿಕೆ ಅನ್ನುವುದು ರಕ್ತದಲ್ಲಿ ಬರುವುದಲ್ಲ, ಕಳೆದುಕೊಂಡು ಕಲಿಯುವುದು. ಇದು ನನಗೆ ಧೈರ್ಯ ಕೊಡುವ ವಿಷಯ. ಅವರು ಕಲಿತರು ಅಂದರೆ ನಾವೂ ಕಲಿಯಬಹುದು.

ಭಕ್ತಿ ಒಂದೇ ಸಾಲದು ಅನ್ನುವುದಕ್ಕೆ ನಿಮ್ಮ ಪಕ್ಕದ ಕೊಡಗನ್ನೇ ನೋಡಿ. ಅಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಯ್ಯಪ್ಪ, ಭಗವತಿಯ ಕಾಡಿನಲ್ಲಿ ಕತ್ತಿ ಹಾಕಬಾರದು ಅಂತ ಇವತ್ತಿಗೂ ನಂಬುತ್ತಾರೆ, ಹಬ್ಬವನ್ನೂ ತಪ್ಪಿಸುವುದಿಲ್ಲ. ಆದರೂ ಹಿಂದಿನ ದಾಖಲೆಯಲ್ಲಿರುವ ವಿಸ್ತೀರ್ಣಕ್ಕೂ ಈಗ ನೆಲದ ಮೇಲೆ ಉಳಿದಿರುವುದಕ್ಕೂ ಬಹಳ ಅಂತರ. ಅಂಚಿನಿಂದ ಕಾಫಿ ಗಿಡ ಒಳಗೆ ಬಂತು, ಕಂದಾಯ ಇಲಾಖೆಯದೋ ಅರಣ್ಯ ಇಲಾಖೆಯದೋ ಅಂತ ಗೊತ್ತಾಗದ ಜಾಗಗಳಲ್ಲಿ ಇನ್ನೂ ಸುಲಭವಾಗಿ ಬಂತು. ಉಳಿದ ಕಾಡುಗಳು ಎಲ್ಲಿ ಚೆನ್ನಾಗಿವೆ ಅಂದರೆ, ದೇವಸ್ಥಾನದ ಸಮಿತಿ ಗಟ್ಟಿಯಾಗಿದ್ದು, ಗಡಿ ಗುರುತಾಗಿದ್ದು, ಒತ್ತುವರಿ ಮಾಡಿದವನನ್ನು ಊರಿನ ಎದುರು ನಿಲ್ಲಿಸಿ ಕೇಳುವವರು ಇರುವ ಕಡೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಇದರ ಇನ್ನೊಂದು ಮುಖ ಇದೆ. ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಬೇಸಿಗೆ ಏರುವ ಮೊದಲೇ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಮೊಣಕಾಲೆತ್ತರಕ್ಕೂ ಏಳದ, ಬೇಗ ಹಾದುಹೋಗುವ ಬೆಂಕಿ ಅದು. 1974ರಲ್ಲಿ ಕಾಡು ಅಭಯಾರಣ್ಯವಾದ ಮೇಲೆ ಬೇಟೆ, ಬೇಸಾಯದ ಜೊತೆಗೆ ಬೆಂಕಿಯೂ ನಿಂತಿತು. ಕಾಡಿಗೆ ಬೆಂಕಿ ಹಾಕುವುದು ತಪ್ಪು ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ಆದರೆ ವರ್ಷ ಕಳೆದ ಹಾಗೆ ಲಂಟಾನ ಅನ್ನುವ ಕಳೆಪೊದೆ ತಲೆ ಮೀರಿ ಬೆಳೆಯಿತು, ನೆಲ್ಲಿ ಮರಗಳಿಗೆ ಬಂದಳಿಕೆ ಅನ್ನುವ, ಮರದ ರಸ ಹೀರಿ ಬದುಕುವ ಗಿಡ ಹತ್ತಿ ಮರಗಳು ಒಣಗತೊಡಗಿದವು. ಸಣ್ಣ ಬೆಂಕಿ ಇದ್ದಾಗ ಬಂದಳಿಕೆ ಇಷ್ಟು ಹಬ್ಬುತ್ತಿರಲಿಲ್ಲ ಅಂತ ಸೋಲಿಗರು ಹೇಳುತ್ತಲೇ ಬಂದರು. ಅದನ್ನು ಸಂಶೋಧಕರು ಕಿವಿಗೊಟ್ಟು ಕೇಳಲು ಬಹಳ ವರ್ಷ ಬೇಕಾಯಿತು. ಈಗ ಲಂಟಾನದ ಪೊದೆಗೆ ಬೆಂಕಿ ಬಿದ್ದರೆ ಅದು ಮೊಣಕಾಲೆತ್ತರದಲ್ಲಿ ನಿಲ್ಲುವುದಿಲ್ಲ, ಮರದ ನೆತ್ತಿಗೆ ಹೋಗುತ್ತದೆ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗರಿಗೆ ಸಾಮುದಾಯಿಕ ಹಕ್ಕು ಸಿಕ್ಕಿತು, ಹುಲಿ ಮೀಸಲು ಪ್ರದೇಶವೊಂದರಲ್ಲಿ ಹಾಗಾಗಿದ್ದು ದೇಶದಲ್ಲೇ ಮೊದಲು. ಜನ ಒಳಗೇ ಇದ್ದಾರೆ, ಹುಲಿಗಳೂ ಇವೆ.

ಈಗ ನೀವು ಕೇಳಬಹುದು, ಇವೆಲ್ಲ ಒಂದು ಊರು, ಒಂದು ಬೆಟ್ಟದ ಮಾತು, ಇಡೀ ಮನುಷ್ಯ ಕುಲ ಕಲಿಯುವುದು ಉಂಟೇ? ಒಂದು ಸಲವಂತೂ ಕಲಿತಿದೆ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ಓಝೋನ್ ಪದರ ತೀರಾ ತೆಳುವಾಗಿರುವುದನ್ನು ಪ್ರಕಟಿಸಿದರು. ಫ್ರಿಜ್ಜು, ಏಸಿ, ಸ್ಪ್ರೇ ಡಬ್ಬಿಗಳ ಸಿಎಫ್‌ಸಿ ಅನಿಲ ಅದಕ್ಕೆ ಕಾರಣ ಅಂತ ಗಟ್ಟಿಯಾಗುತ್ತಾ ಹೋಯಿತು. 1987ರಲ್ಲೇ ಅಂಥ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಬಂತು. ಆದರೆ ಭಾರತ, ಚೀನಾ ಮೊದಲು ಸೇರಲಿಲ್ಲ. ಅನಿಲ ಬಿಟ್ಟು ಗಾಳಿ ಕೆಡಿಸಿದವರು ನೀವು, ಹೊಸ ತಂತ್ರಜ್ಞಾನದ ಖರ್ಚು ನಮಗೇಕೆ ಅನ್ನುವುದು ನಮ್ಮ ಪ್ರಶ್ನೆ. ಸರಿಯಾದ ಪ್ರಶ್ನೆಯೇ. 1990ರಲ್ಲಿ ಲಂಡನ್ ಸಭೆಯಲ್ಲಿ ಶ್ರೀಮಂತ ದೇಶಗಳು ದುಡ್ಡು ಹಾಕುವ ನಿಧಿಗೆ ಒಪ್ಪಿದ ಮೇಲೆ ದಾರಿ ತೆರೆಯಿತು, ಭಾರತ 1992ರಲ್ಲಿ ಸೇರಿತು. ಈಗ ಜಗತ್ತಿನ ಎಲ್ಲ ದೇಶಗಳೂ ಅದರಲ್ಲಿವೆ. ಧ್ರುವಗಳನ್ನು ಬಿಟ್ಟು ಉಳಿದ ಕಡೆ ಓಝೋನ್ ಪದರ ಸುಮಾರು 2040ರ ಹೊತ್ತಿಗೆ 1980ರ ಮಟ್ಟಕ್ಕೆ ಮರಳುತ್ತದೆ ಅನ್ನುವ ಅಂದಾಜಿದೆ. ಅಲ್ಲೂ ಹುಣಸೆ ಮರದ ಲೆಕ್ಕವೇ ನಡೆದಿದ್ದು, ಅಳತೆ ಮಾತ್ರ ದೊಡ್ಡದು.

ಇನ್ನು ನಿಮ್ಮ ಗದ್ದೆಗೆ ಬರುತ್ತೇನೆ, ಆದರೆ ಕೋಲಾರದ ಮೇಲೆ ಹಾದು ಬರಬೇಕು.

ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಸಾವಿರಾರು ಕೆರೆಗಳು. ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗುವ ಹಾಗೆ ಸರಪಳಿಯಲ್ಲಿ ಕಟ್ಟಿದ್ದರು. ಪ್ರತಿ ಕೆರೆಗೂ ನೀರುಗಂಟಿ ಇರುತ್ತಿದ್ದ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನುವುದು ಅವನ ಕೆಲಸ, ಸುಗ್ಗಿಯಲ್ಲಿ ಕಣದ ಹತ್ತಿರ ಪ್ರತಿ ರೈತ ಅವನಿಗೆ ಧಾನ್ಯ ಅಳೆದು ಕೊಡುತ್ತಿದ್ದ. ಮಳೆ ಕಡಿಮೆಯಾದ ವರ್ಷ ತೂಬಿನ ಹತ್ತಿರದ ಜಮೀನಿನಲ್ಲಿ ಮಾತ್ರ ಬೆಳೆ, ಆದರೆ ಅದನ್ನು ಎಲ್ಲರಿಗೂ ಪಾಲು ಹಾಕಿ ಕೊಡುವ ಕ್ರಮ ಕೆಲವು ಕಡೆ ಇತ್ತು. ದಾಮಾಶ ಅನ್ನುತ್ತಿದ್ದರು. ಬರಗಾಲದ ನಷ್ಟವನ್ನು ಊರೇ ಹಂಚಿಕೊಳ್ಳುವುದು ಇದು. ಇದನ್ನು ಹೊಗಳುವಾಗ ಒಂದು ಮಾತು ಮುಚ್ಚಿಡಬಾರದು. ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತರು, ಎಲ್ಲರ ಗದ್ದೆಗೂ ನೀರು ಹಾಯಿಸಿದ ಎಷ್ಟೋ ಜನರಿಗೆ ಸ್ವಂತ ಗದ್ದೆ ಇರಲಿಲ್ಲ. ಹಳೆಯ ಹೊಂದಾಣಿಕೆಯ ಭಾರವೂ ಸಮನಾಗಿ ಹಂಚಿಕೆಯಾಗಿರಲಿಲ್ಲ. ಹಾಗಾಗಿ ಹಳೆಯದನ್ನು ಹಾಗೇ ವಾಪಸ್ ತರೋಣ ಅನ್ನುವವರ ಜೊತೆ ನಾನು ನಿಲ್ಲುವುದಿಲ್ಲ.

ಕೆರೆಗಳು ಸರ್ಕಾರದ ಕೈಗೆ ಹೋದವು, ಊರಿನ ಕೈ ಸಡಿಲವಾಯಿತು, ಹೂಳು ತುಂಬಿತು, ರಾಜಕಾಲುವೆ ಒತ್ತುವರಿಯಾಯಿತು. ಆಮೇಲೆ ಬೋರ್‌ವೆಲ್. ದುಡ್ಡಿದ್ದವನು ಆಳಕ್ಕೆ ಕೊರೆದ, ಪಕ್ಕದವನ ನೀರು ಹೋಯಿತು, ಅವನು ಸಾಲ ಮಾಡಿ ಇನ್ನೂ ಆಳಕ್ಕೆ ಕೊರೆದ. ಸಾವಿರ ಅಡಿ ದಾಟಿದ ಮೇಲೂ ದೂಳು ಬರುವ ಬೋರ್‌ವೆಲ್‌ಗಳು ಆ ಕಡೆ ಎಷ್ಟೋ ಇವೆ, ನೀರು ಬಂದ ಕಡೆ ಫ್ಲೋರೈಡ್. ಕುಡಿಯಲು ನೀರಿಲ್ಲ ಅಂದಾಗ ನೀರು ಎಲ್ಲಿಂದ ತರುವುದು? ಸಕಲೇಶಪುರದ ಬೆಟ್ಟದಿಂದ. ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಪೈಪು, ಪಂಪ್‌ಹೌಸು, ರಸ್ತೆ ಎಲ್ಲವೂ ಆನೆ ಓಡಾಡುವ ಗುಡ್ಡಗಳಲ್ಲೇ.

ಆನೆ ನಿಮ್ಮ ಗದ್ದೆಗೆ ಬಂದಿದ್ದು ಎತ್ತಿನಹೊಳೆಯಿಂದ ಅಂತ ನಾನು ಹೇಳುತ್ತಿಲ್ಲ. ಆಲೂರು, ಸಕಲೇಶಪುರದಲ್ಲಿ ಅದಕ್ಕೂ ಬಹಳ ಮೊದಲೇ ಆನೆ ಸಮಸ್ಯೆ ಇತ್ತು. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟಿನ ಹಿನ್ನೀರು, ಕಿರು ಜಲವಿದ್ಯುತ್ ಯೋಜನೆಗಳು, ಹೆದ್ದಾರಿ, ತುಂಡು ತುಂಡಾದ ಕಾಡು, ವರ್ಷವಿಡೀ ನೆರಳು ಮತ್ತು ನೀರು ಇರುವ ಕಾಫಿ ತೋಟ, ಇವೆಲ್ಲ ಸೇರಿ ಆಗಿದ್ದು. ಹೇಳಬೇಕಾದ್ದು ಇಷ್ಟು, ದೂರದಲ್ಲಿ ಒಂದು ಕಡೆ ಕೆಟ್ಟ ವ್ಯವಸ್ಥೆಯ ಖರ್ಚು ಗುಡ್ಡ ಹತ್ತಿ ಇನ್ನೊಂದು ಕಡೆಯವರ ಮೇಲೆ ಬೀಳುತ್ತದೆ. ಬೆಂಗಳೂರಿನ ನಲ್ಲಿಗೂ ಇದೇ ಮಾತು. ನಿಮ್ಮ ಆಫೀಸಿನಲ್ಲಿ ಭಾಷಣ ಮಾಡುವವರು ಕೆಟ್ಟವರಲ್ಲ, ಅವರಿಗೆ ಬಿಲ್ಲು ಬಂದಿಲ್ಲ.

ಒಂದು ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕೆಜಿ ಆಸುಪಾಸು ಮೇವು ಬೇಕು. ಕಾಡಿನಲ್ಲಿ ಅಷ್ಟು ತಿನ್ನಲು ಹಗಲು ರಾತ್ರಿ ಓಡಾಡಬೇಕು. ಹಾಲು ತುಂಬಿದ ಭತ್ತದ ತೆನೆ ಒಂದೇ ಕಡೆ ಎಕರೆಗಟ್ಟಲೆ ನಿಂತಿದ್ದರೆ ಬಿಟ್ಟೀತೇ? ತಿನ್ನುವುದಕ್ಕಿಂತ ತುಳಿಯುವುದು ಜಾಸ್ತಿ, ಅದು ನಿಮಗೇ ಗೊತ್ತು. ಹಾಗಾದರೆ ಹಿಡಿದು ಸಾಗಿಸಿ ಅನ್ನುತ್ತಾರೆ. ಹೈಕೋರ್ಟ್ ಸೂಚನೆಯ ಮೇಲೆ ರಚನೆಯಾದ ಆನೆ ಕಾರ್ಯಪಡೆ ಅನ್ನುವ ಸಮಿತಿ 2012ರಲ್ಲಿ ವರದಿ ಕೊಟ್ಟಿತು, ನಿಮ್ಮ ಭಾಗದಿಂದ ಆನೆಗಳನ್ನು ತೆಗೆಯಬೇಕು ಅಂತಲೂ ಅದರಲ್ಲಿತ್ತು. 2014ರ ಹೊತ್ತಿಗೆ 22 ಆನೆಗಳನ್ನು ಹಿಡಿದರು. ಕೆಲವೇ ವರ್ಷಗಳಲ್ಲಿ ಬೇರೆ ಆನೆಗಳು ಬಂದು ಸೇರಿಕೊಂಡವು. ಜಾಗ ಚೆನ್ನಾಗಿದೆ, ಖಾಲಿ ಇದೆ, ಬಂದವು. ಕಂದಕ ತೋಡಿದರೆ ಮಲೆನಾಡಿನ ಮಳೆಗೆ ಮಣ್ಣು ಕುಸಿದು ಇಳಿಜಾರಾಗುತ್ತದೆ. ಸೋಲಾರ್ ತಂತಿಯನ್ನು ಸಲಗಗಳು ದಂತದಿಂದ ಎಳೆದು ಕೀಳುತ್ತವೆ, ದಂತಕ್ಕೆ ಶಾಕ್ ಹೊಡೆಯುವುದಿಲ್ಲ ಅಂತ ಅವು ಕಲಿತಿವೆ. ರೈಲ್ವೆ ಕಂಬಿಯ ಬೇಲಿ ಇವುಗಳಿಗಿಂತ ಗಟ್ಟಿ, ಆದರೆ 2018ರಲ್ಲಿ ನಾಗರಹೊಳೆಯ ಅಂಚಿನಲ್ಲಿ ಒಂದು ಸಲಗ ಅದನ್ನು ದಾಟಲು ಹೋಗಿ ಸಿಕ್ಕಿಕೊಂಡು ಸತ್ತಿತು. ಹಿಡಿಯುವ ಕೆಲಸ ಎಷ್ಟು ಕಷ್ಟದ್ದು ಅನ್ನುವುದು ದಸರಾ ಅಂಬಾರಿ ಹೊತ್ತ ಆನೆ ಅರ್ಜುನ ಅಂಥ ಕಾರ್ಯಾಚರಣೆಯಲ್ಲೇ ಸತ್ತಾಗ ಎಲ್ಲರಿಗೂ ಗೊತ್ತಾಯಿತು. 2023ರ ಡಿಸೆಂಬರ್ 4ರಂದು, ನಿಮ್ಮ ಪಕ್ಕದ ಯಸಳೂರಿನ ಹತ್ತಿರ.

ಕೆಲಸ ಮಾಡಿದ ದಾರಿಯೊಂದು ತಮಿಳುನಾಡಿನ ವಾಲ್ಪಾರೈಯಲ್ಲಿದೆ. ಅದೂ ತೋಟಗಳ ನಾಡು, ಕಾಫಿಯ ಬದಲು ಚಹಾ. ಅಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅನ್ನುವ ವನ್ಯಜೀವಿ ಸಂಸ್ಥೆಯವರು ಆನೆಯಿಂದ ಸತ್ತವರ ಒಂದೊಂದು ಪ್ರಕರಣವನ್ನೂ ಕೂತು ನೋಡಿದಾಗ ಗೊತ್ತಾಗಿದ್ದು, ಹೆಚ್ಚಿನವರಿಗೆ ಅಲ್ಲಿ ಆನೆ ಇದೆ ಅನ್ನುವುದೇ ಗೊತ್ತಿರಲಿಲ್ಲ. ಬಸ್ಸಿಳಿದು ನಡೆದು ಹೋಗುವಾಗ, ತಿರುವಿನಲ್ಲಿ, ಕತ್ತಲಲ್ಲಿ ಎದುರಾಗಿದೆ. ಹಾಗಾಗಿ ಅವರು ಸಂಜೆಯ ಹೊತ್ತಿಗೆ ಆನೆ ಇಂಥ ತೋಟದಲ್ಲಿದೆ ಅಂತ ಸ್ಥಳೀಯ ಟಿವಿಯಲ್ಲಿ, ಮೊಬೈಲ್ ಸಂದೇಶದಲ್ಲಿ ತಿಳಿಸತೊಡಗಿದರು, ದೂರಕ್ಕೆ ಕಾಣುವ ಕೆಂಪು ದೀಪ ಹಾಕಿದರು. ಸಾವುಗಳು ಇಳಿದವು. ಆನೆ ಕಡಿಮೆಯಾಗಲಿಲ್ಲ, ಸಾವು ಕಡಿಮೆಯಾಯಿತು. ಅದೇ ಪದ್ಧತಿ ಈಗ ಹಾಸನ ಜಿಲ್ಲೆಯಲ್ಲೂ ಇದೆ. ಹಿಂಡಿನ ಹೆಣ್ಣಾನೆಗೆ ಅದು ಎಲ್ಲಿದೆ ಅಂತ ತಿಳಿಸುವ ರೇಡಿಯೊ ಕಾಲರ್, ಅರಣ್ಯ ಇಲಾಖೆಯದೇ ಆದ ಆನೆ ಕಾರ್ಯಪಡೆಯ ಹುಡುಗರು ರಾತ್ರಿಯೆಲ್ಲ ಹಿಂದೆ ಓಡಾಡಿ ಕಳಿಸುವ ಸಂದೇಶ.

ಪ್ರಾಣ ಉಳಿಸಲು ಇದು ಸಾಕಾಗಬಹುದು, ಭತ್ತ ಉಳಿಸಲು ಸಾಲದು. ಇಲ್ಲಿ ಸರ್ಕಾರದ ಬಗ್ಗೆ ನನ್ನ ದೂರು ನೇರವಾಗಿದೆ. ಕರ್ನಾಟಕದಲ್ಲಿ 6 ಸಾವಿರಕ್ಕೂ ಹೆಚ್ಚು ಆನೆಗಳಿವೆ, ದೇಶದಲ್ಲೇ ಜಾಸ್ತಿ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆಯ ಮೇವಿನ ಒಂದು ಭಾಗ ನಿಮ್ಮ ಅಪ್ಪನ ಗದ್ದೆಯಿಂದ ಹೋಗಿದೆ. ಅದಕ್ಕೆ ಕೊಡುವುದನ್ನು ಪರಿಹಾರ ಅನ್ನುವ ದಯೆಯ ಹಾಗೆ ತಿಂಗಳುಗಟ್ಟಲೆ ಎಳೆದು ಕೊಡಬಾರದು, ಬಾಡಿಗೆಯ ಹಾಗೆ ಹೊತ್ತಿಗೆ ಸರಿಯಾಗಿ ಕೊಡಬೇಕು. ಬೀಳು ಬಿಟ್ಟವನಿಗೆ ಏನೂ ಸಿಗುವುದಿಲ್ಲ, ಯಾಕೆಂದರೆ ಬೆಳೆ ಇಲ್ಲದ ಮೇಲೆ ಬೆಳೆ ನಷ್ಟವೂ ಇಲ್ಲ. ಈ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ನನಗೆ ಇದು ಬಹಳ ನೋವಿನ ವಿಷಯ.

ಈಗ ಕೈಯಲ್ಲಿ ಆಗುವ ಕೆಲಸ ಹೇಳುತ್ತೇನೆ. ಅಪ್ಪನ ಮೊಬೈಲ್ ನಂಬರು ಆನೆ ಸಂದೇಶದ ಪಟ್ಟಿಯಲ್ಲಿದೆಯೇ ಕೇಳಿ, ಇಲ್ಲದಿದ್ದರೆ ವಲಯ ಅರಣ್ಯ ಕಚೇರಿಯಲ್ಲಿ ಸೇರಿಸಿ. ಅದಕ್ಕಿಂತ ಮುಖ್ಯ, ಪಕ್ಕದ ತೋಟಗಳ ಲೈನ್ ಮನೆಗಳಲ್ಲಿರುವ ಕೂಲಿಯವರ ನಂಬರು. ಬೆಳಿಗ್ಗೆ ಬೇಗ ನಡೆದು ಕೆಲಸಕ್ಕೆ ಹೋಗುವವರು ಅವರು. ಹೊರ ರಾಜ್ಯದಿಂದ ಬಂದವರಿಗೆ ಕನ್ನಡದ ಸಂದೇಶ ಓದಲು ಬರುವುದಿಲ್ಲ, ಅವರಿಗೆ ಅವರ ಭಾಷೆಯಲ್ಲಿ ಫೋನ್ ಕರೆಯೇ ಹೋಗಬೇಕು. ಲೈನ್ ಮನೆಯ ಪಕ್ಕ ಶೌಚಾಲಯ, ಒಂದು ದೀಪ, ಕೆಲಸದ ಜಾಗಕ್ಕೆ ಜೀಪು, ಇಷ್ಟಿದ್ದರೆ ಎಷ್ಟೋ ಜೀವ ಉಳಿಯುತ್ತದೆ, ಇದನ್ನು ತೋಟದ ಮಾಲೀಕರನ್ನು ಕೇಳಲು ಹಿಂಜರಿಯಬೇಡಿ. ಪಹಣಿ ತಾತನ ಹೆಸರಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ, ಪರಿಹಾರದ ಅರ್ಜಿಗಳು ಸಿಕ್ಕಿಕೊಳ್ಳುವುದು ಅಲ್ಲೇ.

ಭತ್ತ ಮತ್ತೆ ಹಾಕಬೇಕೋ ಬೇಡವೋ? ಒಬ್ಬರೇ ಹಾಕಿದರೆ ಬೇಡ. ಸುತ್ತ ಬೀಳು ಇದ್ದು ನಡುವೆ ನಿಮ್ಮದೊಂದೇ ಹಸಿರು ಗದ್ದೆ ಇದ್ದರೆ ಆನೆಗಳೆಲ್ಲ ಅಲ್ಲಿಗೇ ಬರುತ್ತವೆ. ಒಂದೇ ಬಯಲಿನ ಎಂಟು ಹತ್ತು ಮನೆಯವರು ಸೇರಬೇಕು. ಬೇಗ ಬರುವ ಒಂದೇ ತಳಿ, ಒಂದೇ ವಾರದಲ್ಲಿ ನಾಟಿ, ಒಂದೇ ಸಲ ಕಟಾವು. ಇಡೀ ಬಯಲಿನ ಸುತ್ತ ಎರಡೆಳೆಯ ತಾತ್ಕಾಲಿಕ ಸೋಲಾರ್ ತಂತಿ, ತೆನೆ ಹಾಲು ತುಂಬುವ ಹೊತ್ತಿಗೆ ಹಾಕಿ ಕಟಾವಾದ ದಿನ ಸುತ್ತಿಡುವುದು. ವರ್ಷವಿಡೀ ನಿಂತ ಬೇಲಿಯನ್ನು ಆನೆ ಕಲಿತುಬಿಡುತ್ತದೆ, ಯಾರೂ ನೋಡಿಕೊಳ್ಳದೆ ಬಳ್ಳಿ ಹಬ್ಬಿ ಕರೆಂಟೂ ಹೋಗಿರುತ್ತದೆ. ಸರದಿಯಲ್ಲಿ ಅಟ್ಟಣೆ ಕಾಯುವುದು ಹೇಗಿದ್ದರೂ ಬೇಕು. ಸಂದೇಶ ಬಂದ ರಾತ್ರಿ ಮಾತ್ರ ಎಲ್ಲರೂ ಎಚ್ಚರ ಇರುವುದು, ಉಳಿದ ರಾತ್ರಿ ಇಬ್ಬರು ಸಾಕು. ಆದರೂ ಸಲಗ ನುಗ್ಗುವ ವರ್ಷ ಬರಬಹುದು. ಆ ನಷ್ಟವನ್ನು ಹತ್ತು ಮನೆಯವರೂ ಭತ್ತದ ಲೆಕ್ಕದಲ್ಲೇ ಹಂಚಿಕೊಳ್ಳುತ್ತೇವೆ ಅಂತ ನಾಟಿಗೆ ಮೊದಲೇ ಬರೆದಿಟ್ಟುಕೊಳ್ಳಿ. ತಂತಿ, ಬ್ಯಾಟರಿಯ ಖರ್ಚಿನಲ್ಲಿ ನಿಮ್ಮ ಹಾಗೆ ಊರು ಬಿಟ್ಟು ಸಂಬಳಕ್ಕಿರುವ ಮಕ್ಕಳು ದೊಡ್ಡ ಪಾಲು ಹಾಕಬೇಕು ಅಂತ ನನ್ನ ಅಭಿಪ್ರಾಯ.

ಆ ಬಯಲಿನಲ್ಲಿ ಯಾರು ಯಾರು ಮತ್ತೆ ಭತ್ತ ಹಾಕಲು ತಯಾರಿದ್ದಾರೆ ಅಂತ ಅಪ್ಪನನ್ನು ಕೇಳಿ. ಒಟ್ಟು ಎಷ್ಟು ಎಕರೆ, ಹಳ್ಳ ಯಾವ ಕಡೆ, ಆನೆ ಸಾಮಾನ್ಯವಾಗಿ ಯಾವ ದಾರಿಯಲ್ಲಿ ಇಳಿಯುತ್ತದೆ ಇಷ್ಟು ಬರೆದು ಕಳಿಸಿ. ಎಷ್ಟು ಉದ್ದ ತಂತಿ ಬೇಕು, ಆನೆ ದಾಟಿ ಹೋಗಲು ಯಾವ ಕಡೆ ದಾರಿ ಬಿಡಬೇಕು ಅಂತ ನೋಡಿ ಹೇಳುತ್ತೇನೆ.